ಹಳೇ ಕಂಪ್ಯೂಟರ್‌ಗೆ ಹೊಸ ವಿಂಡೋಸ್: ಹಾಕಿಸೋ ಮುನ್ನ ಯೋಚಿಸಿ

ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ‘ವಿಂಡೋಸ್ 10ರ ಬೆಂಬಲ ಮುಗಿದಿದೆ’ ಅನ್ನೋ ಸಂದೇಶ ಬರ್ತಿದೆಯಾ? ‘ಇದಕ್ಕೆ ವಿಂಡೋಸ್ 11 ಬರಲ್ಲ ಮೇಡಂ, ಕೊಟ್ಟು ಹೊಸದು ತಗೊಂಡ್ಬಿಡಿ’ ಅಂತ ರಿಪೇರಿಯವರು ಹೇಳಿದ್ರಾ? ಚೆನ್ನಾಗೇ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಯಾವ ಗೃಹಿಣಿಗೆ ಮನಸ್ಸು ಬಂದೀತು? ಶಾಲೆಯ ಫೀಸು, ಮನೆ ಸಾಲದ ಕಂತು ಅಂತ ಲೆಕ್ಕ ಹಾಕುವ ಹೊತ್ತಿನಲ್ಲಿ ಹೊಸ ಕಂಪ್ಯೂಟರ್‌ಗೆ ದುಡ್ಡು ಎಲ್ಲಿಂದ ತರೋದು? ಗಾಬರಿ ಬೇಡ. ದಾರಿಗಳಿವೆ. ಆದರೆ ಪ್ರತಿ ದಾರಿಯಲ್ಲೂ ಒಂದೊಂದು ಗುಂಡಿಯೂ ಇದೆ.

ಮುಗಿದದ್ದು ಏನು?

ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಲ್ಲಿಸಿತು. ಹಾಗಂತ ಕಂಪ್ಯೂಟರ್ ನಿಂತು ಹೋಗುವುದಿಲ್ಲ. ನಿಲ್ಲುವುದು ಪ್ರತಿ ತಿಂಗಳು ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್. ಹೊಸದಾಗಿ ಪತ್ತೆಯಾದ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ. ಬರೀ ಹಾಡು ಕೇಳಲು ಬಳಸುವವರಿಗೆ ಇದು ದೊಡ್ಡ ಚಿಂತೆಯಲ್ಲ. ನೆಟ್ ಬ್ಯಾಂಕಿಂಗ್ ಮಾಡುವವರು ಮಾತ್ರ ಉದಾಸೀನ ಮಾಡಬಾರದು.

ತುರ್ತು ಪರಿಹಾರವೂ ಇದೆ. 2025ರಲ್ಲಿ ಪ್ರಕಟವಾದ ಯೋಜನೆಯಂತೆ, ನೋಂದಾಯಿಸಿಕೊಂಡ ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ಇದಕ್ಕೆ ಶುಲ್ಕವಿಲ್ಲ. ಆದರೆ ಇದು ವಾಯಿದೆ ಅಷ್ಟೇ, ಶಾಶ್ವತ ಪರಿಹಾರವಲ್ಲ.

ನಿಮ್ಮದು ನಿಜಕ್ಕೂ ‘ಹಳೇದಾ’?

ಮೊದಲು ನೀವೇ ಪರೀಕ್ಷಿಸಿ. ಸೆಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ಒತ್ತಿ. ಪ್ರೊಸೆಸರ್ ಹೆಸರು ಕಾಣುತ್ತದೆ. ಇಂಟೆಲ್ ಆದರೆ ಐ3, ಐ5 ಆದಮೇಲಿನ ಅಂಕಿ ನೋಡಿ. ಐ5-8250ಯು ಅಂದರೆ ಎಂಟನೇ ತಲೆಮಾರು, ಐ5-7200ಯು ಅಂದರೆ ಏಳನೆಯದು. ಸಾಮಾನ್ಯವಾಗಿ ಎಂಟು ಮತ್ತು ಅದರ ಮೇಲಿನವಕ್ಕೆ ವಿಂಡೋಸ್ 11ರ ಒಪ್ಪಿಗೆ ಇದೆ. ಇದರ ಜತೆಗೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ‘ಟಿಪಿಎಂ 2.0’ ಎಂಬ ಭದ್ರತಾ ವ್ಯವಸ್ಥೆ ಬೇಕು.

ಇಲ್ಲೇ ಎಷ್ಟೋ ಜನ ಮೋಸ ಹೋಗೋದು! ಹಲವು ಕಂಪ್ಯೂಟರ್‌ಗಳಲ್ಲಿ ಟಿಪಿಎಂ ಇದ್ದೂ ಆಫ್ ಆಗಿರುತ್ತದೆ. ಬಯಾಸ್‌ಗೆ ಹೋಗಿ ಆನ್ ಮಾಡಿದರೆ ಸಾಕು. ಇಂಟೆಲ್‌ನಲ್ಲಿ ಇದಕ್ಕೆ ಪಿಟಿಟಿ ಅಂತಲೂ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತಲೂ ಹೆಸರು. ಮೈಕ್ರೋಸಾಫ್ಟ್‌ನವರೇ ಕೊಡುವ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಏನಿದೆ, ಏನಿಲ್ಲ ಎಂದು ಅದೇ ಹೇಳುತ್ತದೆ. ‘ಬರಲ್ಲ’ ಎಂಬ ಮಾತು ನಂಬುವ ಮುಂಚೆ ಇಷ್ಟು ನೋಡಿ.

ಒಪ್ಪಿಗೆ ಇಲ್ಲದಿದ್ದರೂ ಹಾಕಬಹುದಾ?

ಹಾಕಬಹುದು. ‘ರೂಫಸ್’ ಎಂಬ ಉಚಿತ ತಂತ್ರಾಂಶದಿಂದ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ 11 ತುಂಬುವಾಗ, ಟಿಪಿಎಂ ಮತ್ತು ರ್‍ಯಾಮ್ ತಪಾಸಣೆಯನ್ನು ತೆಗೆದುಹಾಕುವ ಆಯ್ಕೆ ಸಿಗುತ್ತದೆ. ಗೊತ್ತಿರುವವರು ಇದನ್ನೇ ಮಾಡೋದು. ನಿಮ್ಮಲ್ಲಿ ಅಸಲಿ ವಿಂಡೋಸ್ 10 ಇದ್ದರೆ 11ಕ್ಕೆ ಬೇರೆ ಲೈಸೆನ್ಸ್ ಕೊಳ್ಳಬೇಕಾಗುವುದಿಲ್ಲ. ಆದ್ದರಿಂದ ಅಂಗಡಿಯವರು ಕಡಿಮೆ ದುಡ್ಡಿಗೆ ‘ಕ್ರ್ಯಾಕ್’ ಮಾಡಿದ್ದು ಹಾಕ್ತೀನಿ ಅಂದರೆ ಬೇಡ ಅನ್ನಿ. ಬೀಗ ಗಟ್ಟಿ ಮಾಡಲು ಹೋಗಿ ಕಳ್ಳನ ಕೈಗೇ ಕೀಲಿ ಕೊಟ್ಟಂತಾದೀತು.

ತೊಡಕುಗಳೂ ನೆನಪಿರಲಿ:

* ಹೀಗೆ ಹಾಕಿದ ಕಂಪ್ಯೂಟರ್‌ಗೆ ಅಪ್‌ಡೇಟ್ ಖಾತರಿಯಿಲ್ಲ, ಹೊಂದಾಣಿಕೆಯಾಗದೆ ಹಾಳಾದರೆ ವಾರಂಟಿಯೂ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತಿಂಗಳ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಬರುತ್ತಿದ್ದರೂ, ವರ್ಷಕ್ಕೊಮ್ಮೆಯ ದೊಡ್ಡ ಅಪ್‌ಡೇಟನ್ನು ಕೈಯಾರೆ ಹಾಕಬೇಕಾಗಬಹುದು.

* ಕೋರ್ 2 ಡ್ಯುಯೊ ಕಾಲದ ಕಂಪ್ಯೂಟರ್‌ಗಳಲ್ಲಿ 2024ರ ಆವೃತ್ತಿ ಮತ್ತು ನಂತರದವು ಆರಂಭವೇ ಆಗುವುದಿಲ್ಲ. ಅಲ್ಲಿ ಯಾವ ಉಪಾಯವೂ ನಡೆಯದು.

* ಹಳೇ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಡ್ರೈವರ್ ಸಿಗದಿರಬಹುದು.

* ಹಾರ್ಡ್‌ಡಿಸ್ಕ್ ಹಳೇದೇ ಆಗಿದ್ದರೆ ವಿಂಡೋಸ್ 11 ಆಮೆಯಂತೆ ತೆವಳುತ್ತದೆ. ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿಗೆ ಏರಿಸಿದರೆ ಕಂಪ್ಯೂಟರ್ ಚುರುಕಾಗುತ್ತದೆ.

ಅಂಗಡಿಗೆ ಕೊಡುವ ಮುನ್ನ

ಕಂಪ್ಯೂಟರ್ ಹೋದರೆ ಇನ್ನೊಂದು ತರಬಹುದು. ಮಗಳ ಮೊದಲ ಹುಟ್ಟುಹಬ್ಬದ ಫೋಟೋ ತರೋಕಾಗುತ್ತಾ? ‘ಎಲ್ಲಾ ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ’ ಅಂತ ನಿಶ್ಚಿಂತರಾಗಬೇಡಿ. ಬಹಳಷ್ಟು ಮನೆಗಳಲ್ಲಿ ಸಿ ಮತ್ತು ಡಿ ಎರಡೂ ಒಂದೇ ಡಿಸ್ಕ್‌ನ ಎರಡು ಭಾಗಗಳು. ಒಂದು ತಪ್ಪು ಕ್ಲಿಕ್ ಸಾಕು, ಎರಡೂ ಖಾಲಿ! ಫೋಟೋ, ಮಾರ್ಕ್ಸ್ ಕಾರ್ಡ್, ಮನೆ ಪತ್ರಗಳ ಸ್ಕ್ಯಾನ್ ಎಲ್ಲವನ್ನೂ ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ. ಅಷ್ಟಕ್ಕೇ ಬಿಡದೆ, ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಬರೆದಿಟ್ಟುಕೊಳ್ಳಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ನುಡಿ, ಬರಹಗಳ ಹಳೇ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಾಣುತ್ತವೆ. ಅಮ್ಮ ಹೇಳಿ ಬರೆಸಿದ ಅಡುಗೆ ಪಟ್ಟಿಯೋ, ದೇವರ ನಾಮದ ಸಂಗ್ರಹವೋ ಹಾಗಾದರೆ ಎದೆ ಧಸಕ್ ಅನ್ನುತ್ತದೆ. ಮೊದಲೇ ಆ ಫಾಂಟ್‌ಗಳನ್ನೂ ನಕಲು ಮಾಡಿಟ್ಟುಕೊಳ್ಳಿ, ಇಲ್ಲವೇ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಯೂನಿಕೋಡ್ ಆದರೆ ಮೊಬೈಲ್‌ನಲ್ಲೂ ಓದಬಹುದು.

ಹಳೇ ವಿಂಡೋಸ್ ಉಳಿಸಿಕೊಂಡು ಅದರ ಮೇಲೇ ಅಪ್‌ಗ್ರೇಡ್ ಮಾಡಿದ್ದರೆ ಹತ್ತು ದಿನದೊಳಗೆ ವಾಪಸ್ ಹೋಗುವ ಅವಕಾಶವಿದೆ. ಪೂರ್ತಿ ಅಳಿಸಿ ಹಾಕಿದರೆ ಅದಿಲ್ಲ. ‘ಅಪ್‌ಗ್ರೇಡ್ ಮಾಡ್ತೀರಾ, ಫಾರ್ಮ್ಯಾಟ್ ಮಾಡ್ತೀರಾ?’ ಅಂತ ಅಂಗಡಿಯವರನ್ನು ಕೇಳಿಯೇ ಕೊಡಿ.

ಇನ್ನೊಂದು ದಾರಿ: ಲಿನಕ್ಸ್

ಬ್ರೌಸರ್, ಯೂಟ್ಯೂಬ್, ಮಕ್ಕಳ ಆನ್‌ಲೈನ್ ಪಾಠ, ಒಂದಷ್ಟು ಪತ್ರ. ಇಷ್ಟೇ ನಿಮ್ಮ ಬಳಕೆಯಾದರೆ ಉಚಿತವಾಗಿ ಸಿಗುವ ‘ಲಿನಕ್ಸ್ ಮಿಂಟ್’ ನೋಡಿ. 4 ಜಿಬಿ ರ್‍ಯಾಮ್‌ನಲ್ಲೂ ಹಗುರವಾಗಿ ಓಡುತ್ತದೆ. ಕಂಪ್ಯೂಟರ್‌ಗೆ ಹಾಕದೆಯೇ ಪೆನ್‌ಡ್ರೈವ್‌ನಿಂದ ನಡೆಸಿ, ವೈಫೈ, ಪ್ರಿಂಟರ್ ಕೆಲಸ ಮಾಡುತ್ತವಾ ಎಂದು ಪರೀಕ್ಷಿಸಬಹುದು. ಕನ್ನಡದ ಕಗಪ ಕೀಲಿಮಣೆ ಅದರಲ್ಲೇ ಇದೆ. ಆದರೆ ಯಜಮಾನರು ಮನೆಯಲ್ಲಿ ಟ್ಯಾಲಿ ಬಳಸುತ್ತಿದ್ದರೆ ಇದು ಸರಿಹೋಗದು. ಟ್ಯಾಲಿ ವಿಂಡೋಸ್‌ನ ತಂತ್ರಾಂಶ.

ಹಾಗಾದರೆ ಏನು ಮಾಡೋದು?

ಬ್ಯಾಂಕ್ ವ್ಯವಹಾರ, ಕಚೇರಿ ಕೆಲಸ ಇದ್ದರೆ ಮೊದಲು ಟಿಪಿಎಂ ಆನ್ ಮಾಡಿ ಅಧಿಕೃತ ದಾರಿಯನ್ನೇ ಪ್ರಯತ್ನಿಸಿ. ಅದಾಗದಿದ್ದರೆ, ದೊಡ್ಡ ಅಪ್‌ಡೇಟ್ ಹಾಕಿಕೊಡುವ ಮಗನೋ ಮಗಳೋ ಮನೆಯಲ್ಲಿದ್ದರೆ ರೂಫಸ್ ದಾರಿ ಹಿಡಿಯಬಹುದು. ಆದರೂ ಹಣದ ವ್ಯವಹಾರವನ್ನು ಅಪ್‌ಡೇಟ್ ಬರುವ ಬೇರೆ ಸಾಧನದಲ್ಲಿ ಮಾಡುವುದು ಕ್ಷೇಮ. ಸರಳ ಬಳಕೆಗೆ ಲಿನಕ್ಸ್ ಸಾಕು. ಏನೇ ಮಾಡಿ, ಬ್ಯಾಕಪ್ ಮಾಡದೆ ಮಾತ್ರ ಕಂಪ್ಯೂಟರನ್ನು ಯಾರ ಕೈಗೂ ಕೊಡಬೇಡಿ.