ಕೂಸಿಗೊಂದು ಕೌದಿ

ಮಗಳ ಬಾಣಂತನಕ್ಕೆಂದು ತವರಿನಲ್ಲಿ ಸಿದ್ಧವಾಗುವ ವಸ್ತುಗಳಲ್ಲಿ ಕೂಸಿನ ಕೌದಿಗೆ ಸಮನಾದುದು ಬೇರೊಂದಿಲ್ಲ. ಅದಕ್ಕೆ ಹೊಸ ಬಟ್ಟೆ ಬೇಡ. ಅಜ್ಜಿ ಉಟ್ಟು ಸವೆಸಿದ ಸೀರೆ, ಅಜ್ಜನ ಹಳೆಯ ಧೋತರ, ಮಕ್ಕಳ ಲಂಗದ ತುಂಡುಗಳಿದ್ದರೆ ಸಾಕು. ಹಲವು ಸಲ ಒಗೆದ ಅರಿವೆಯೇ ಎಳೆಯ ಮೈಗೆ ಮೆತ್ತಗಿರುವುದು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲೆಲ್ಲ ಕೌದಿ ಉಂಟು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆಯ ಸಿದ್ದಿ ಸ್ತ್ರೀಯರಂತೂ ಈ ಕೆಲಸದಲ್ಲಿ ಬಹು ನಿಪುಣರು. ಅವರು ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ತುಂಡುಗಳನ್ನಿಟ್ಟು ನೇರ ಹೊಲಿಗೆ ಹಾಕುತ್ತ, ಸುತ್ತುಸುತ್ತಾಗಿ ನಡುವಿಗೆ ಬರುವರು. ತುಂಡಿನ ಅಂಚನ್ನು ಒಳಕ್ಕೆ ಮಡಚಿಯೇ ಹೊಲಿಯಬೇಕು. ಇಲ್ಲವಾದರೆ ಎಳೆ ಬಿಚ್ಚಿ ಕೂಸಿನ ಬೆರಳಿಗೆ ಸುತ್ತಿಕೊಂಡೀತು.

ನಡುವಿನ ತುಂಡು ಕೂಡಿದ ಮಾತ್ರಕ್ಕೆ ಕೌದಿ ಮುಗಿಯಲಿಲ್ಲ. ಬಟ್ಟೆಯನ್ನು ತ್ರಿಕೋಣವಾಗಿ ಮಡಚಿ ಮಾಡಿದ ‘ಹೂ’ಗಳನ್ನು ಮೂಲೆಗಳಿಗೆ ಹೊಲಿಯಬೇಕು. ಚಳಿ ತಡೆಯುವುದಕ್ಕೆ ಅವುಗಳಿಂದ ಪ್ರಯೋಜನವಿಲ್ಲ. ಆದರೂ ಹೂವಿಲ್ಲದ ಕೌದಿ ಬತ್ತಲೆಯೆಂದೇ ಅವರ ಎಣಿಕೆ.

ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ, ತೀರಿಕೊಂಡ ಅಜ್ಜಿಯ ಅರ್ಧ ಕೌದಿ ಚುಚ್ಚಿದ ಸೂಜಿಯೊಡನೆ ಹಾಗೆಯೇ ಮಡಚಿಟ್ಟಿರುವುದು. ತನ್ನ ಹೊಲಿಗೆ ಆ ಹೊಲಿಗೆಗೆ ಸರಿಬಾರದೆಂದು ಮಗಳು ಅದನ್ನು ಮುಟ್ಟಲು ಅಂಜುವಳು. ಗೃಹಿಣಿಯರೆ, ಅಂಜದೆ ಅದನ್ನು ಹೊರತೆಗೆಯಿರಿ, ಸೂಜಿಗೆ ದಾರ ಪೋಣಿಸಿರಿ. ಹೊಲಿಗೆ ಒಂದೇ ತೆರನಾಗಬೇಕಾಗಿಲ್ಲ. ಅಜ್ಜಿಯ ಕೈ ಎಲ್ಲಿ ನಿಂತಿತು, ತಾಯಿಯ ಕೈ ಎಲ್ಲಿ ತೊಡಗಿತು ಎಂಬುದನ್ನು ಕೂಸು ದೊಡ್ಡದಾದ ಮೇಲೆ ಬೆರಳಾಡಿಸಿಯೇ ತಿಳಿದೀತು.