ಹುಟ್ಟಿದ ಕೂಸಿನ ಮೊದಲ ದಿನ

ಒಂಬತ್ತು ತಿಂಗಳು ತಾಯಿಯ ಒಡಲ ಕಾವಿನಲ್ಲಿದ್ದ ಕೂಸಿಗೆ ಹೊರಗೆ ಬಂದೊಡನೆ ಎದುರಾಗುವ ಮೊದಲ ಶತ್ರು ಯಾವುದು ಬಲ್ಲಿರಾ? ಚಳಿ. ನಮಗೆ ಸೆಕೆಯೆನಿಸುವ ಕೋಣೆಯೂ ಅದಕ್ಕೆ ತಂಪೇ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ಯಾವ ನ್ಯಾಯದಿಂದ ತಣ್ಣಗಾಗುವುದೋ, ಅದೇ ನ್ಯಾಯದಿಂದ ಒದ್ದೆಯಾದ ಎಳೆಯ ಮೈಯೂ ಆರುತ್ತದೆ. ಆದುದರಿಂದ ತಲೆಯೂ ಸೇರಿದಂತೆ ಮೈಯನ್ನು ಕೂಡಲೇ ಒರಸಿ, ಆ ಒದ್ದೆಬಟ್ಟೆಯನ್ನು ತೆಗೆದುಹಾಕಿ, ಕೂಸನ್ನು ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ ಹೊದಿಸಬೇಕು. ತಲೆಗೊಂದು ಕುಲಾವಿ ಇರಲಿ. ಹೊಕ್ಕುಳಬಳ್ಳಿಯನ್ನು ಕತ್ತರಿಸಲು ಅವಸರ ಬೇಡ. ಕೂಸು ಚೆನ್ನಾಗಿ ಉಸಿರಾಡುತ್ತಿದ್ದರೆ ಒಂದು ನಿಮಿಷವಾದರೂ ತಡೆದರೆ ಮಾಸಿನಲ್ಲಿರುವ ರಕ್ತ ಅದಕ್ಕೆ ಹರಿದುಬರುತ್ತದೆ. ಮುಂದಿನ ತಿಂಗಳುಗಳಿಗೆ ಅದೇ ಕಬ್ಬಿಣಾಂಶದ ಗಂಟು.

ಒರಸಿದರೂ ಉಸಿರಾಡದ ಕೂಸಿಗೆ ಆ ಮೊದಲ ನಿಮಿಷದಲ್ಲಿಯೇ ಬ್ಯಾಗು, ಮಾಸ್ಕುಗಳಿಂದ ಗಾಳಿ ಕೊಡಬೇಕಾಗುತ್ತದೆ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲೆಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್ನು ಹಾಲಿನ ಮಾತು. ಮೊದಲು ಬರುವ ಹಾಲು ಹಳದಿಯಾಗಿ, ಮಂದವಾಗಿ, ಕೆಲವೇ ಚಮಚೆಗಳಷ್ಟಿರುತ್ತದೆ. ಅದನ್ನು ಹಿಂಡಿ ಚೆಲ್ಲುವ ಮನೆಗಳು ಇಂದಿಗೂ ಉಂಟು. ಇದಕ್ಕಿಂತ ದೊಡ್ಡ ನಷ್ಟವಿಲ್ಲ! ರೋಗವನ್ನು ತಡೆಯುವ ಶಕ್ತಿ ತುಂಬಿರುವುದು ಆ ಹಾಲಿನಲ್ಲಿಯೇ. ಮೊದಲ ದಿನದ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಿರಿ. ಸಕ್ಕರೆನೀರು, ತೇದ ಬಜೆ ಯಾವುದೂ ಬೇಡ. ನಾಲಗೆಗೆ ಜೇನು ಸವರುವ ಶಾಸ್ತ್ರವಂತೂ ಅಪಾಯದ್ದು: ಬೊಟ್ಯುಲಿಸಮ್ ಎಂಬ ಲಕ್ವದಂಥ ರೋಗದ ಬೀಜಾಣುಗಳು ಜೇನಿನಲ್ಲಿರಬಹುದು. ವರುಷ ತುಂಬುವವರೆಗೆ ಜೇನು ವರ್ಜ್ಯ.

ಎರೆಯುವ ಅಜ್ಜಿಯರು ಕೋಪಿಸಿಕೊಳ್ಳಬಾರದು. ಮೊದಲ 24 ಗಂಟೆ ಸ್ನಾನವಿಲ್ಲ. ಮೈಗೆ ಅಂಟಿದ ಬಿಳಿಯ ಜಿಡ್ಡು ಕೊಳೆಯಲ್ಲ, ಚರ್ಮದ ಕವಚ. ಮುಂದೆಯೂ ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು, ಸಾಂಬ್ರಾಣಿಯ ಹೊಗೆ ಹಿಡಿಯುವುದು ಒಳ್ಳೆಯದಲ್ಲ. ಆದರೆ ಬಾಣಂತಿಯ ಕೋಣೆಯನ್ನು ಬೆಚ್ಚಗಿಟ್ಟು, ನೆಂಟರಿಷ್ಟರನ್ನು ಕೆಲವು ದಿನ ದೂರವಿಡುವ ಹಿಂದಿನವರ ಪದ್ಧತಿಯನ್ನು ಮಾತ್ರ ಬಿಡಬೇಡಿ.

ಹೊಕ್ಕುಳಿಗೆ ಬೂದಿ, ಅರಿಸಿನ, ಎಣ್ಣೆ ಏನನ್ನೂ ಹಚ್ಚದೆ ಒಣಗಲು ಬಿಡಿ. ಒಂದೆರಡು ವಾರಗಳಲ್ಲಿ ತಾನೇ ಉದುರುತ್ತದೆ. ಆಸ್ಪತ್ರೆ ಬಿಡುವ ಮೊದಲು ವಿಟಮಿನ್ ಕೆ ಇಂಜೆಕ್ಷನ್ನು, ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗೆ ಕೊಡತಕ್ಕ ಹೆಪಟೈಟಿಸ್ ಬಿ ಲಸಿಕೆ ಇವು ಆದುವೇ ಎಂದು ಕೇಳಿರಿ.

ತೂಕ ಎರಡೂವರೆ ಕಿಲೋಗಿಂತ ಕಡಮೆಯಿದ್ದರೆ ಕಾಂಗರೂ ಕ್ರಮವೇ ಉತ್ತಮ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ, ಇನ್‌ಕ್ಯುಬೇಟರುಗಳು ಸಾಲದೆ ಬಂದಾಗ, ಡಾಕ್ಟರ್ ಎಡ್ಗರ್ ರೇ ಅವರು ತಾಯಿಯ ಎದೆಯನ್ನೇ ಕಾವಿನ ಪೆಟ್ಟಿಗೆಯಾಗಿಸಿದರು. ತಾಯಿ ದಣಿದಾಗ ತಂದೆಯೂ ಎದೆ ಕೊಡಬಹುದು.

ಕೂಸು ಮೊಲೆ ಚೀಪದಿದ್ದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಸೆಟೆದುಕೊಂಡರೆ, ಹುಟ್ಟಿದ ದಿನವೇ ಹಳದಿಯಾದರೆ, ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿರಿ. ದಾರಿಯುದ್ದಕ್ಕೂ ಕೂಸು ತಾಯಿಯ ಎದೆಗವಚಿಕೊಂಡೇ ಇರಲಿ.