ಮಾದರಿಯ ಮೇಲೆ ನೀರಿಗೆ ಅಳಿಯದ ಅಕ್ಷರ

ಮಕ್ಕಳೇ, ನಮ್ಮ ಜಿಲ್ಲೆಯ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ನೀರಿನ ಮಾದರಿಗಳಿಗೆ ಬರವಿಲ್ಲ. ಶ್ರೀರಂಗಪಟ್ಟಣದವರಿಗೆ ಕನ್ನಂಬಾಡಿ ಕಟ್ಟೆ, ಪಾಂಡವಪುರದವರಿಗೆ ವಿಶ್ವೇಶ್ವರಯ್ಯ ನಾಲೆ, ಕೆ.ಆರ್. ಪೇಟೆಯವರಿಗೆ ಅಂಬಿಗರಹಳ್ಳಿಯ ಬಳಿ ಹೇಮಾವತಿ ಕಾವೇರಿಯನ್ನು ಸೇರುವ ಸಂಗಮ, ನಾಗಮಂಗಲದವರಿಗೆ ಹೇಮಾವತಿ ನಾಲೆ. ಮಾದರಿಗೆ ನಿಜವಾದ ನೀರು ತುಂಬಿಸಿದರೆ ನೋಡುವವರಿಗೆ ಖುಷಿ. ಆದರೆ ಮಧ್ಯಾಹ್ನದ ಹೊತ್ತಿಗೆ ಏನಾಗುತ್ತದೆ ಗೊತ್ತೆ? ಸ್ಕೆಚ್ ಪೆನ್ನಿನಲ್ಲಿ ಬರೆದ ಅಂಕಿ ಹರಡಿ ನೀಲಿ ಕಲೆಯಾಗುತ್ತದೆ. ಅಂಟಿಸಿದ ಕಾಗದದ ಚೀಟಿ ಬಿಚ್ಚಿಕೊಂಡು ನೀರಿನಲ್ಲಿ ತೇಲುತ್ತದೆ.

ಕಟ್ಟೆಯ ಮಾದರಿಯಲ್ಲಿ ಅಂಕಿಗಳೇ ಮುಖ್ಯ. ಮಳೆಗಾಲ ಬಂದರೆ ನಿಮ್ಮ ಮನೆಯ ಹಿರಿಯರು ‘ಕಟ್ಟೆ ಎಷ್ಟು ಅಡಿ ಆಯ್ತು?’ ಎಂದು ಕೇಳುವುದನ್ನು ನೀವು ಕೇಳಿಯೇ ಇರುತ್ತೀರಿ. ತುಂಬಿದ ಕಟ್ಟೆಯ ಮಟ್ಟ 124.80 ಅಡಿ. 2023ರ ಮುಂಗಾರಿನಲ್ಲಿ ಕಟ್ಟೆ ತುಂಬಲಿಲ್ಲ. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿತು. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಭತ್ತ ನಾಟಿ ಮಾಡಬಹುದೋ ಬೇಡವೋ ಎಂಬ ಪ್ರಶ್ನೆಗಳೆಲ್ಲ ಆ ಮಟ್ಟವನ್ನು ನೋಡಿಯೇ ಏಳುತ್ತವೆ. ಆದ್ದರಿಂದ ಅಳತೆಪಟ್ಟಿಯೇ ಅಳಿಸಿಹೋದ ಕಟ್ಟೆ ನನ್ನ ಲೆಕ್ಕದಲ್ಲಿ ಬರೀ ತೊಟ್ಟಿ!

ಮೊದಲು ಸ್ವಲ್ಪ ಲೆಕ್ಕ ಮಾಡೋಣ. 1911ರಲ್ಲಿ ಕೆಲಸ ಆರಂಭವಾದ ಈ ಕಟ್ಟೆಯ ಉದ್ದ 8600 ಅಡಿ, ಎತ್ತರ 130 ಅಡಿ. 200 ಪಟ್ಟು ಚಿಕ್ಕದಾಗಿ ಮಾದರಿ ಮಾಡಿದರೆ ಎತ್ತರ ಸುಮಾರು 20 ಸೆಂಟಿಮೀಟರ್ ಆಗುತ್ತದೆ, ಸರಿ. ಆದರೆ ಉದ್ದ 13 ಮೀಟರ್! ತರಗತಿಯ ಕೊಠಡಿಯೇ ಸಾಲದು. ಆದ್ದರಿಂದ ಗೋಡೆಯ ಒಂದು ಭಾಗವನ್ನಷ್ಟೇ ಮಾಡಿ. ಈ ಪ್ರಮಾಣದಲ್ಲಿ 10 ಅಡಿ ಎಂದರೆ 15.24 ಮಿಲಿಮೀಟರ್, ಒಂದು ಅಡಿ ಎಂದರೆ ಸುಮಾರು ಒಂದೂವರೆ ಮಿಲಿಮೀಟರ್. ಪಟ್ಟಿಯನ್ನು 3 ಮಿಲಿಮೀಟರ್ ಮೇಲೆ ಅಂಟಿಸಿದರೆ ನಿಮ್ಮ ಕಟ್ಟೆ ಎರಡು ಅಡಿ ಸುಳ್ಳು ಹೇಳುತ್ತದೆ. ಇಷ್ಟು ಸಣ್ಣ ಗೆರೆಗಳನ್ನು ಕುಂಚದಿಂದ ಬರೆಯುವುದು ದೊಡ್ಡವರಿಗೂ ಕಷ್ಟ. ಹಾಗಾದರೆ ದಾರಿ? ಬೇರೆ ಕಡೆ ಬರೆದು, ಅಲ್ಲಿಂದ ಎತ್ತಿ ತಂದು ಕೂರಿಸುವುದು. ಹೀಗೆ ಎತ್ತಿ ಕೂರಿಸುವ ತೆಳುಪೊರೆಯ ಚಿತ್ರಕ್ಕೆ ಡೆಕಲ್ ಎಂದು ಹೆಸರು.

ನಿಮ್ಮೂರಿನ ದರ್ಜಿಯ ಅಂಗಡಿಯಲ್ಲಿ ಹಳೆಯ ಕಪ್ಪು ಹೊಲಿಗೆ ಯಂತ್ರವಿದ್ದರೆ ಗಮನಿಸಿ. ಅದರ ಮೇಲಿನ ಚಿನ್ನದ ಬಣ್ಣದ ಬಳ್ಳಿ, ಹೂವು ಇಂಥ ಡೆಕಲ್‌ಗಳೇ. ಕಾಗದಕ್ಕೆ ಮೊದಲು ನೀರಿನಲ್ಲಿ ಕರಗುವ ಅಂಟು ಬಳಿದು ಒಣಗಿಸುತ್ತಾರೆ. ಅದರ ಮೇಲೆ ನೀರಿನಲ್ಲಿ ಕರಗದ ಬಣ್ಣದ ಪೊರೆ ಇರುತ್ತದೆ. ನೀರಿಗೆ ಹಾಕಿದಾಗ ನಡುವಿನ ಅಂಟು ಮಾತ್ರ ಕರಗುತ್ತದೆ, ಪೊರೆ ಕಾಗದದಿಂದ ಜಾರಿ ಬರುತ್ತದೆ. ಅದನ್ನು ಬೇಕಾದ ಜಾಗಕ್ಕೆ ಜಾರಿಸಿ, ಒತ್ತಿ, ಒಣಗಿದ ಮೇಲೆ ಪಾರದರ್ಶಕ ಮೆರುಗು ಬಳಿದರೆ ಕೆಲಸ ಮುಗಿಯಿತು. ಯಂತ್ರದಲ್ಲಿ ಬಟ್ಟೆ ಸದಾ ಉಜ್ಜುವ ಕಡೆ ಮೆರುಗು ಸವೆದು ಚಿನ್ನವೂ ಹೋಗಿರುತ್ತದೆ, ಬಟ್ಟೆ ತಾಗದ ಕಡೆ ಹಾಗೇ ಉಳಿದಿರುತ್ತದೆ.

ಡೆಕಲ್ ಕಾಗದ ನಮ್ಮ ತಾಲ್ಲೂಕಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಚಿಂತೆ ಬೇಡ. ಒಂದು ಜೆರಾಕ್ಸ್ ಪ್ರತಿ, ಎರಡು ಅಂಗುಲ ಅಗಲದ ಪಾರದರ್ಶಕ ಅಂಟುಪಟ್ಟಿ ಇದ್ದರೆ ಸಾಕು.

ದೊಡ್ಡ ಎ3 ಹಾಳೆಯಲ್ಲಿ ಅಳತೆಪಟ್ಟಿಯನ್ನು ಎರಡು ಪಟ್ಟು ಉದ್ದವಾಗಿ ಬರೆಯಿರಿ. ಅಂದರೆ 10 ಅಡಿಗೆ 30.5 ಮಿಲಿಮೀಟರ್. ಸೊನ್ನೆಯಿಂದ 124.80ರವರೆಗೆ ಒಟ್ಟು 38 ಸೆಂಟಿಮೀಟರ್ ಆಗುತ್ತದೆ. ಪಟ್ಟಿಯ ಅಗಲ 8 ಸೆಂಟಿಮೀಟರ್ ಮೀರದಿರಲಿ. ಕಪ್ಪು ಪೆನ್ನನ್ನೇ ಬಳಸಿ. ಜೆರಾಕ್ಸ್ ಅಂಗಡಿಯಲ್ಲಿ ‘50ಕ್ಕೆ ಇಳಿಸಿ ಕೊಡಿ’ ಎಂದು ಕೇಳಿ. ಉದ್ದವೂ ಅಗಲವೂ ಅರ್ಧವಾಗುತ್ತವೆ (ಹಾಗಾದರೆ ವಿಸ್ತೀರ್ಣ ಎಷ್ಟಾಗುತ್ತದೆ, ನೀವೇ ಹೇಳಿ). ಕೈ ನಡುಗಿ ಗೆರೆ ಒಂದು ಮಿಲಿಮೀಟರ್ ವಾರೆಯಾಗಿದ್ದರೆ ಆ ತಪ್ಪೂ ಅರ್ಧಕ್ಕೆ ಇಳಿಯುತ್ತದೆ!

ಜೆರಾಕ್ಸ್ ಪ್ರತಿ ಯಂತ್ರದಿಂದ ಬಿಸಿಯಾಗಿ ಬರುವುದನ್ನು ನೋಡಿದ್ದೀರಲ್ಲವೆ? ಅದರ ಕಪ್ಪು ಶಾಯಿಯಲ್ಲ. ಪ್ಲಾಸ್ಟಿಕ್ ಮತ್ತು ಇಂಗಾಲ ಬೆರೆತ ಪುಡಿ. ಟೋನರ್ ಎಂದು ಕರೆಯುತ್ತಾರೆ. ಬಿಸಿ ಉರುಳೆ ಆ ಪುಡಿಯನ್ನು ಕರಗಿಸಿ ಕಾಗದಕ್ಕೆ ಒತ್ತುತ್ತದೆ. ಪ್ಲಾಸ್ಟಿಕ್ ನೀರಿನಲ್ಲಿ ಕರಗದು, ಕಾಗದದ ನಾರು ಮಾತ್ರ ನೀರು ಕುಡಿದು ಮೆತ್ತಗಾಗುತ್ತದೆ. ನಮ್ಮ ಉಪಾಯವೆಲ್ಲ ಇಷ್ಟೇ. ಇಂಕ್‌ಜೆಟ್ ಮುದ್ರಕದ ಪ್ರತಿಯಾದರೆ ಸಾಮಾನ್ಯವಾಗಿ ಶಾಯಿ ಹರಡುತ್ತದೆ. ಅನುಮಾನವಿದ್ದರೆ ಒಂದು ಅಕ್ಷರದ ಮೇಲೆ ಒಂದು ಹನಿ ನೀರು ಬಿಟ್ಟು ಪರೀಕ್ಷಿಸಿ.

ಅಚ್ಚಾದ ಮುಖದ ಮೇಲೆ ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಹಚ್ಚಿ, ಚಮಚದ ಬೆನ್ನಿನಿಂದ ಚೆನ್ನಾಗಿ ಉಜ್ಜಿ, ಅಂಚು ಕತ್ತರಿಸಿ. ಹತ್ತು ನಿಮಿಷ ನೀರಿನಲ್ಲಿ ನೆನೆಸಿ. ನಂತರ ಹಿಂಬದಿಯ ಕಾಗದವನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಅದು ಹಿಟ್ಟಿನಂತೆ ಉರುಳಿ ಬರುತ್ತದೆ. ಉಗುರು ತಾಗಿಸಬೇಡಿ, ಅವಸರವೂ ಬೇಡ. ಒಣಗಿದಾಗ ಬಿಳಿ ಮಸುಕು ಕಂಡರೆ ನಾರು ಉಳಿದಿದೆ ಎಂದು ಅರ್ಥ. ಮತ್ತೆ ನೆನೆಸಿ ಉಜ್ಜಿ. ಕೊನೆಗೆ ಉಳಿಯುವುದು ಗಾಜಿನಂಥ ಪಟ್ಟಿ, ಅದರ ಮೇಲೆ ಕಪ್ಪು ಅಂಕಿಗಳು. ಇಲ್ಲೊಂದು ಅನುಕೂಲವಿದೆ. ಅಂಕಿಗಳು ಅಂಟುಪಟ್ಟಿ ಮತ್ತು ಗೋಡೆಯ ನಡುವೆ ಸಿಕ್ಕಿಕೊಳ್ಳುವುದರಿಂದ ಪಟ್ಟಿಯೇ ಅವಕ್ಕೆ ರಕ್ಷೆ.

ಪಾರದರ್ಶಕ ಪಟ್ಟಿಯ ಹಿಂದಿನ ಬಣ್ಣ ಕಾಣುವುದರಿಂದ ಗೋಡೆಗೆ ಮೊದಲೇ ಬಿಳಿ ಎನಾಮೆಲ್ ಬಳಿದಿರಬೇಕು. ಜೆರಾಕ್ಸ್ ಯಂತ್ರಕ್ಕೆ ಬಿಳಿ ಬರೆಯಲು ಬರುವುದಿಲ್ಲ. ನಾವು ನೋಡುವ ಬಿಳಿ ಕಾಗದದ್ದು. ಗೋಡೆ ನುಣುಪಾಗಿಯೂ ಇರಬೇಕು. ಒರಟು ಮೇಲ್ಮೈಯ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಬೆಳಕು ಅಲ್ಲಿ ಚದುರಿ ಬೆಳ್ಳಿಯಂತೆ ಹೊಳೆಯುತ್ತದೆ, ಅಂಕಿ ಮಸುಕಾಗುತ್ತದೆ. ನೀರು ನಿಲ್ಲಿಸುವ ಮಾದರಿಗೆ ಥರ್ಮೊಕೋಲ್ ಬೇಡವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬಣ್ಣಕ್ಕೆ ಬೆರೆಸುವ ಥಿನ್ನರ್ ತಾಗಿದರೆ ಅದು ಕರಗಿ ಗುಳಿ ಬೀಳುತ್ತದೆ. ಪ್ಲೈವುಡ್ ತುಂಡು ಒಳ್ಳೆಯದು.

ಗೋಡೆಗೆ ಎರಡು ಹನಿ ಸೋಪಿನ ನೀರು ಸವರಿ ಪಟ್ಟಿಯನ್ನು ಇಡಿ. ಒದ್ದೆಯಿರುವಾಗ ಅದು ಜಾರುತ್ತದೆ. ಅಳತೆಕೋಲು ಹಿಡಿದು ಸೊನ್ನೆಯನ್ನು ಸರಿಯಾಗಿ ತಳಕ್ಕೆ ತನ್ನಿ. ಬಳಿಕ ನಡುವಿನಿಂದ ಅಂಚಿನ ಕಡೆಗೆ ಬಟ್ಟೆಯಿಂದ ಒತ್ತುತ್ತಾ ನೀರು, ಗಾಳಿ ಎರಡನ್ನೂ ಹೊರಗಟ್ಟಿ ಒಂದು ದಿನ ಒಣಗಲು ಬಿಡಿ.

ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ದೀಪದ ಬತ್ತಿಗೆ ಎಣ್ಣೆ ಏರುವಂತೆ ನೀರು ಒಳಕ್ಕೆ ನುಗ್ಗುತ್ತದೆ. ಆದ್ದರಿಂದ ಅಂಚನ್ನು ಮುಚ್ಚಬೇಕು. ಯಾವುದರಿಂದ? ಫೆವಿಕಾಲ್ ಒಣಗಿದಾಗ ಪಾರದರ್ಶಕ, ಆದರೆ ನೀರಿನಲ್ಲಿ ನೆನೆದರೆ ಬೆಳ್ಳಗಾಗಿ ಮೆತ್ತಗಾಗುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗು ಚೆಂದ. ಆದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಷ್ ಕೂಡ ನೀರು ನಿಂತರೆ ಬಿಳಿಚುತ್ತದೆ. (ಚುನಾವಣೆಯ ಶಾಯಿ ತಯಾರಿಸುವ ಮೈಸೂರಿನ ಕಾರ್ಖಾನೆ 1937ರಲ್ಲಿ ಆರಂಭವಾದಾಗ ಅದರ ಹೆಸರಿನಲ್ಲೂ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್.) ನಮಗೆ ಬೇಕಾದದ್ದು ಬಣ್ಣದ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಸಿಂಥೆಟಿಕ್ ವಾರ್ನಿಷ್. ಅದರಲ್ಲಿನ ದ್ರಾವಕ ಮೊದಲು ಆವಿಯಾಗುತ್ತದೆ. ಆಮೇಲೆ ಉಳಿದ ಭಾಗ ಗಾಳಿಯ ಆಕ್ಸಿಜನ್ ಜೊತೆ ಸೇರಿ ಗಟ್ಟಿಯಾಗುತ್ತದೆ. ದಪ್ಪಗೆ ಬಳಿದರೆ ಮೇಲೆ ಕೆನೆಕಟ್ಟಿ ಒಳಗೆ ಗಾಳಿ ಹೋಗದೆ ಸುಕ್ಕುಗಟ್ಟುತ್ತದೆ. ಆದ್ದರಿಂದ ಒಂದು ದಪ್ಪ ಲೇಪಕ್ಕಿಂತ ದಿನಕ್ಕೊಂದರಂತೆ ಮೂರು ತೆಳು ಲೇಪ ಮೇಲು. ಅಂಚಿನಿಂದ ಒಂದು ಸೆಂಟಿಮೀಟರ್ ಆಚೆಗೂ ಬಳಿಯಿರಿ. ವಾರ್ನಿಷ್ ಬೇಗ ಬೆಂಕಿ ಹಿಡಿಯುತ್ತದೆ. ಶಿಕ್ಷಕರು ಹತ್ತಿರವಿರುವಾಗ, ಬಯಲಿನಲ್ಲಿ, ಒಲೆಯಿಂದ ದೂರದಲ್ಲಿ ಮಾತ್ರ ಈ ಕೆಲಸ ಮಾಡಿ.

ಇನ್ನು ನೀರು ತುಂಬಿಸಿ ಓದುವಾಗ ಒಂದು ವಿಷಯ ಗಮನಿಸಿ. ಗೋಡೆಯ ಬಳಿ ನೀರು ತುಸು ಮೇಲಕ್ಕೆ ಏರಿ ಬಾಗಿರುತ್ತದೆ. ನಿಜವಾದ ಕಟ್ಟೆಯಲ್ಲೂ ಅದು ಒಂದೆರಡು ಮಿಲಿಮೀಟರ್ ಇರಬಹುದು, ಅಲ್ಲಿ ಅದು ಲೆಕ್ಕಕ್ಕಿಲ್ಲ. ನೀವು ಕಟ್ಟೆಯನ್ನು 200 ಪಟ್ಟು ಚಿಕ್ಕದು ಮಾಡಿದಿರಿ. ನೀರಿನ ಈ ಬಾಗು ಮಾತ್ರ ಚಿಕ್ಕದಾಗಲಿಲ್ಲ! ನಿಮ್ಮ ಪಟ್ಟಿಯಲ್ಲಿ ಅದೇ ಒಂದು ಅಡಿಯಷ್ಟು ವ್ಯತ್ಯಾಸ. ಆದ್ದರಿಂದ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಗೋಡೆಗೆ ಏರಿದ ಅಂಚನ್ನು ಬಿಟ್ಟು, ಸಮತಟ್ಟಾದ ಮೇಲ್ಮೈ ಯಾವ ಗೆರೆಗೆ ಸರಿಯಾಗಿದೆ ಎಂದು ನೋಡಿ ಓದಿ.